ಮುಚ್ಚಳಿಕೆ ಓದಿಸುತ್ತಿದ್ದ ರೈಟರು

ರೈಟರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಇಲಾಖೆಯ ಹಳಬರ ವಾಟ್ಸಾಪ್ ಗುಂಪಿನಿಂದ. ಯಾರೋ ಅವರ ಯೂನಿಫಾರಂ ಫೋಟೋ ಹಾಕಿ ಕೆಳಗೆ 'ಓಂ ಶಾಂತಿ' ಎಂದು ಬರೆದಿದ್ದರು. ಅದರ ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು. ಒತ್ತುವುದಕ್ಕೇನು, ಹೆಬ್ಬೆರಳೊಂದಿದ್ದರೆ ಸಾಕು. ಭೇರ್ಯದ ಕಡೆಯ ಅವರ ಹಳ್ಳಿಗೆ ಹೋಗಿ ನೋಡಿದರೆ ಇಲಾಖೆಯವರು ಅಂತ ಬಂದಿದ್ದವರು ನನ್ನನ್ನೂ ಸೇರಿಸಿ ಮೂವರು. ಉಳಿದಿಬ್ಬರು ಅದೇ ಊರಿನ ನಿವೃತ್ತ ಪೇದೆಗಳು.

ಜಗಲಿಯ ಮೇಲೆ ಮಲಗಿಸಿದ್ದರು. ಆರಡಿಯ ಆಳು, ಸತ್ತ ಮೇಲೂ ಚಾಪೆಗೆ ಹಿಡಿಸದೆ ಹಿಮ್ಮಡಿ ಹೊರಗೇ ಇತ್ತು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಬಂದ್ಯಾ ನನ್ನವ್ವ. ನೀನ್ ಬತ್ತೀಯ ಅಂತ ಗೊತ್ತಿತ್ತು. ಡಿಪಾರ್ಟ್‌ಮೆಂಟ್‌ನೋರ್ನೆಲ್ಲ ಒಂದಲ್ಲ ಒಂದಿನ ಬೈದವ್ರೆ. ನಿನ್ನ ಮಾತ್ರ ಒಂದಿನಾನೂ ಬೈನಿಲ್ಲ" ಎಂದು ಅತ್ತರು. ನಾನೂ ಅತ್ತೆ. ನನ್ನನ್ನು ಬೈಯುವುದಕ್ಕೆ ಎಲ್ಲರಿಗಿಂತ ದೊಡ್ಡ ಕಾರಣ ಅವರ ಹತ್ತಿರ ಇತ್ತು. ಅದು ಆ ತಾಯಿಗೆ ಗೊತ್ತಿಲ್ಲ. ಗೊತ್ತಿದ್ದವರು ನಾವಿಬ್ಬರೇ, ಈಗ ನಾನೊಬ್ಬಳೇ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ರೈಟರ್ ಎಂದರೆ ಕಥೆ ಬರೆಯುವವರು ಎಂದುಕೊಳ್ಳಬೇಡಿ. ಪೊಲೀಸ್ ಠಾಣೆಯಲ್ಲಿ ದೂರು ಬರೆಯುವ, ದಿನಚರಿ ಬರೆಯುವ, ಕೋರ್ಟಿಗೆ ಕಾಗದ ಸಿದ್ಧ ಮಾಡುವ ಹೆಡ್ ಕಾನ್‌ಸ್ಟೇಬಲ್‌ಗೆ ರೈಟರ್ ಎನ್ನುತ್ತಾರೆ. ಸಾಹೇಬರುಗಳು ಬರುತ್ತಾರೆ, ಹೋಗುತ್ತಾರೆ. ಠಾಣೆಯನ್ನು ನಡೆಸುವವನು ರೈಟರ್. ನಮ್ಮ ರೈಟರ ನೌಕರಿಯೆಲ್ಲ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸುತ್ತಮುತ್ತಲೇ ಕಳೆಯಿತು. ನಾನು ಹೊಸದಾಗಿ ಸೇರಿದಾಗ ಅವರ ಪಕ್ಕದ ಮೇಜು ನನ್ನದಾಯಿತು. ಆ ಠಾಣೆಗೆ ನಾನೇ ಮೊದಲ ಹೆಂಗಸು. ಅದು ಯಾವ ಊರು ಎಂದು ಬರೆಯುವುದಿಲ್ಲ. ಈ ಬರಹದಲ್ಲಿ ಮುಂದೆ ಬರುವ ಹೆಣ್ಣುಮಗಳೊಬ್ಬಳ ಮಕ್ಕಳಿಬ್ಬರು ಈ ಕಡೆಯಲ್ಲೇ ಎಲ್ಲೋ ಓದುತ್ತಿದ್ದಾರೆ.

ಸೇರಿದ ಮೊದಲ ವಾರ ಅವರು ನನಗೆ ಮಾಲುಖಾನೆ ತೋರಿಸಿದರು. ಜಪ್ತಿ ಮಾಡಿದ ವಸ್ತುಗಳನ್ನು ಇಡುವ ಕೋಣೆ ಅದು. ಬಾಗಿಲು ತೆಗೆದರೆ ಧೂಳಿನ ಜೊತೆ ತುಕ್ಕಿನ ವಾಸನೆ. ಒಳಗಿನ ಗೋಡೆಗೆ ಒರಗಿಸಿದ್ದವೆಲ್ಲ ಹಳೆಯವು: ಗುದ್ದಲಿ ಕಾವು, ಕುಡುಗೋಲು, ನೊಗದ ತುಂಡು. "ಇವೆಲ್ಲ ನೀರಿಗೆ, ಬದಕ್ಕೆ ಹೊಡೆದಾಡಿದ್ವು" ಎಂದರು. ಅವುಗಳ ಮುಂದೆ ಒಂದು ಗೋಣಿಚೀಲದ ತುಂಬ ಒಡೆದ ಬಿಯರ್ ಬಾಟಲಿ, ಬೈಕಿನ ಚೈನು. ಹೊಗೆಸೊಪ್ಪಿನ ಹರಾಜು ಶುರುವಾಗಿ ಕೈಯಲ್ಲಿ ಕಾಸು ಓಡಾಡುವ ತಿಂಗಳುಗಳಲ್ಲಿ ಬಾರ್ ಮುಂದೆ ಆದವು. ಬಾಗಿಲ ಬಳಿಯ ಹೊಸ ರ‍್ಯಾಕಿನಲ್ಲಿ ಚೀಟಿ ಅಂಟಿಸಿ ಇಟ್ಟಿದ್ದವು ಈಳಿಗೆಮಣೆ, ಕುಕ್ಕರಿನ ಮುಚ್ಚಳ, ಚೂಡಿದಾರದ ಒಂದು ವೇಲು.

"ಇವ್ಯಾಕೆ ಸಾರ್ ಇಲ್ಲಿ?" ಎಂದು ಕೇಳಿದೆ. ಯಾರೋ ಪಾತ್ರೆಗಳನ್ನು ತಪ್ಪಿ ತಂದಿಟ್ಟಿದ್ದಾರೆ ಎಂದುಕೊಂಡಿದ್ದೆ.

"ಅವೂ ಅದೇ ಕಣಮ್ಮ. ಮೊದ್ಲು ಜನ ಹೊಲದಲ್ಲಿ ಹೊಡೆದಾಡೋರು. ಆಮೇಲೆ ಬೀದೀಲಿ. ಈಗ ಒಳಗೆ." ಅಷ್ಟು ಹೇಳಿ ಬೀಗ ಹಾಕಿಕೊಂಡು ಬಂದರು. ಅವರಿಗೆ ಎಲ್ಲವೂ ಗೊತ್ತಿತ್ತು ಎಂದು ನಾನು ಹೇಳುವುದು ಇದಕ್ಕೇ. ಊರಿನ ಹೊಡೆದಾಟ ಎಲ್ಲಿಂದ ಎಲ್ಲಿಗೆ ಸರಿಯುತ್ತಿದೆ ಎಂದು ಯಾವ ಅಧಿಕಾರಿಯ ವರದಿಗಿಂತ ಮೊದಲೇ ಅವರು ಕಂಡಿದ್ದರು. ಕಂಡೂ ತಮ್ಮ ಪದ್ಧತಿಯನ್ನು ಮಾತ್ರ ಬಿಡಲಿಲ್ಲ.

ಆ ಪದ್ಧತಿ ಮುಚ್ಚಳಿಕೆ. ಇನ್ನು ಮುಂದೆ ಹೀಗೆ ಮಾಡುವುದಿಲ್ಲ, ಮಾಡಿದರೆ ಕಾನೂನು ಕ್ರಮಕ್ಕೆ ಬದ್ಧ ಎಂದು ತಪ್ಪು ಮಾಡಿದವನು ಬರೆದು ಸಹಿ ಹಾಕಿಕೊಡುವ ಕಾಗದ. ಎಲ್ಲ ಠಾಣೆಗಳಲ್ಲೂ ಬರೆಸಿಕೊಳ್ಳುತ್ತಾರೆ, ಕಡತಕ್ಕೆ ಸೇರಿಸಿ ಮರೆಯುತ್ತಾರೆ. ನಮ್ಮ ರೈಟರು ಅದನ್ನೊಂದು ವ್ರತದಂತೆ ನಡೆಸುತ್ತಿದ್ದರು. ಅಕ್ಷರ ಬಲ್ಲವನಾದರೆ ಅವನ ಕೈಯಲ್ಲೇ ಬರೆಸಬೇಕು. ಹೊಡೆದವನು, ಹೊಡೆಸಿಕೊಂಡವನು ಇಬ್ಬರೂ ಒಂದೇ ಬೆಂಚಿನ ಮೇಲೆ ಕೂರಬೇಕು. ಮೊದಲು ಜಗಳದ ಮಾತೇ ಇಲ್ಲ. "ನಾಟಿ ಆಯ್ತೇನಪ್ಪ? ಹೊಗೆಸೊಪ್ಪಿನ ಬ್ಯಾರನ್‌ಗೆ ಸೌದೆ ತಂದ್ಯಾ? ಎಮ್ಮೆ ಕರು ಹಾಕ್ತಾ?" ಹೀಗೆ ಅರ್ಧ ಗಂಟೆ. ಅಷ್ಟು ಹೊತ್ತಿಗೆ ಇಬ್ಬರ ಉಸಿರೂ ತಗ್ಗಿರುತ್ತಿತ್ತು. ಆಮೇಲೆ ಬರವಣಿಗೆ. ಕೊನೆಯದು ಮುಖ್ಯವಾದದ್ದು: ಬರೆದವನು ಎದ್ದು ನಿಂತು, ಎಲ್ಲರೆದುರು ಅದನ್ನು ಗಟ್ಟಿಯಾಗಿ ಓದಬೇಕು.

"ಓದು. ಜೋರಾಗಿ ಓದು. ನಿನ್ ಕಿವಿಗೂ ಬೀಳ್ಲಿ" ಎನ್ನುತ್ತಿದ್ದರು.

ಕೆ.ಆರ್. ನಗರದ ಕಡೆಯ ನಾಲೆಯಂಚಿನ ಹಳ್ಳಿಯ ಇಬ್ಬರು ದಾಯಾದಿಗಳ ಪ್ರಸಂಗವನ್ನು ಅವರು ಎಷ್ಟು ಸಲ ಹೇಳಿದರೋ. ತೂಬಿನ ನೀರಿಗಾಗಿ ಒಬ್ಬ ಇನ್ನೊಬ್ಬನ ತೋಳು ಮುರಿದಿದ್ದ. ಮುರಿಸಿಕೊಂಡವನು ಮಚ್ಚು ಹಿಡಿದು ಓಡಾಡುತ್ತಿದ್ದ. ರೈಟರು ಇಬ್ಬರನ್ನೂ, ಜೊತೆಗೆ ಊರಿನ ನಾಲ್ವರು ಹಿರಿಯರನ್ನೂ ಕರೆಸಿ ಕೂರಿಸಿದರು. ಹೊಡೆದವನು ಎದ್ದು ನಿಂತು 'ನನ್ನ ಅಣ್ಣನ ಮೇಲೆ ಕೈ ಮಾಡಿದ್ದು ತಪ್ಪು' ಎಂಬ ಸಾಲಿಗೆ ಬರುವಷ್ಟರಲ್ಲಿ ಮುಂದೆ ಓದಲಾಗದೆ ಕಾಗದವನ್ನು ಮುಖಕ್ಕೆ ಒತ್ತಿಕೊಂಡನಂತೆ. ತೋಳು ಮುರಿಸಿಕೊಂಡವನೇ ಎದ್ದು, "ಸಾಕು ಬುಡಿ ಸಾ, ಇನ್ ಓದುಸ್ಬ್ಯಾಡಿ" ಎಂದನಂತೆ. ಇಬ್ಬರೂ ಒಂದೇ ಬೈಕಿನಲ್ಲಿ ಊರಿಗೆ ಹೋದರು. ಆಮೇಲೆ ಆ ಊರಿನಿಂದ ನೀರಿನ ಜಗಳ ಅಂತ ಠಾಣೆಗೆ ಬರಲಿಲ್ಲ.

"ಜೈಲಿಗಿಂತ ಗಟ್ಟಿ ಕಣಮ್ಮ ಇದು. ಜೈಲಲ್ಲಿ ಅವನೊಬ್ನೇ ಇರ್ತಾನೆ. ಇಲ್ಲಿ ಊರೇ ಕೇಳುಸ್ಕೊತದೆ" ಎಂದು ಅವರು ಹೇಳುವಾಗ ಮುಖದಲ್ಲಿ ಬೆಳಕಿರುತ್ತಿತ್ತು. ನಾನು ಅದನ್ನು ನಂಬಿದ್ದೆ. ಈಗಲೂ ಅರ್ಧ ನಂಬುತ್ತೇನೆ. ಅವರು ತಡೆದ ಕೊಲೆಗಳು ಯಾವ ಪುಸ್ತಕದಲ್ಲೂ ಇಲ್ಲ, ಆದರೆ ಬದುಕಿಕೊಂಡವರು ಸಂತೆಯಲ್ಲಿ ಅವರಿಗೆ ಕೈಮುಗಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಮುಚ್ಚಳಿಕೆಯ ಮಾತುಗಳ ವಿಷಯದಲ್ಲಿ ಅವರು ಬಲು ಬಿಗಿ. 'ಆದಷ್ಟು ಪ್ರಯತ್ನಿಸುತ್ತೇನೆ' ಎಂದು ಬರೆದರೆ ಅದರ ಮೇಲೆ ಗೀಟು ಎಳೆದು 'ಮಾಡುವುದಿಲ್ಲ' ಎಂದು ತಿದ್ದಿಸುವರು. ಒಮ್ಮೆ ಶುಂಠಿ ಹೊಲದ ಕೂಲಿಯವನೊಬ್ಬ 'ಇನ್ನು ಮುಂದೆ ಸೋಮವಾರ ಮತ್ತು ಶನಿವಾರ ಕುಡಿಯುವುದಿಲ್ಲ' ಎಂದು ಬರೆದ. ಉಳಿದ ಐದು ದಿನದ ಗತಿ ಏನು ಎಂದು ಕೇಳಿದ್ದಕ್ಕೆ, "ಸುಳ್ ಬರೀಬಾರ್ದು ಅಂತ ನೀವೇ ಅಂದ್ರಲ್ಲ ಸಾ" ಎಂದ. ರೈಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅವರು ಹಾಗೆ ನಗುವುದನ್ನು ಕಂಡರೆ ಲಾಕಪ್ಪಿನಲ್ಲಿದ್ದವನೂ ನಗುತ್ತಿದ್ದ.

ಪದ್ಧತಿ ಮೊದಲು ಕೈಕೊಟ್ಟದ್ದು ಹುಡುಗರ ಮುಂದೆ. ಬಸ್ ನಿಲ್ದಾಣದಲ್ಲಿ ಎರಡು ಗುಂಪು ಹೊಡೆದಾಡಿ ಒಬ್ಬನ ಹೊಟ್ಟೆಗೆ ಚಾಕು ಹಾಕುವ ಮಟ್ಟಕ್ಕೆ ಹೋಗಿತ್ತು. ಕಾರಣ ಕೇಳಿದರೆ, ಇವನ ಫೋಟೋಗೆ ಅವನು ನಗುವ ಚಿತ್ರ ಹಾಕಿದನಂತೆ. ಪುಣ್ಯಕ್ಕೆ ಚಾಕು ಬೆಲ್ಟಿಗೆ ತಗುಲಿತ್ತು. ಸಾಹೇಬರು ಚಾಕು ಹಾಕಿದವನ ಮೇಲೆ ಕೇಸು ಮಾಡಿದರು. ಉಳಿದವರನ್ನು ರೈಟರು ಬೆಂಚಿನ ಮೇಲೆ ಕೂರಿಸಿ ಮುಚ್ಚಳಿಕೆ ಓದಿಸಿದರು. ಓದುತ್ತಿದ್ದವನು ಪ್ರತಿ ಸಾಲಿಗೂ ಕಿಟಕಿಯತ್ತ ನೋಡಿ ಗಡ್ಡ ನೀವಿಕೊಳ್ಳುತ್ತಿದ್ದ. ಕಿಟಕಿಯಾಚೆ ಅವನ ಗೆಳೆಯ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ. ಮಧ್ಯಾಹ್ನದೊಳಗೆ ಅದು ಹಿಂದೆ ಹಾಡು ಹಾಕಿಕೊಂಡು ಊರೆಲ್ಲ ಹರಿದಾಡಿತು. ಠಾಣೆಯಲ್ಲಿ ಓದಿಸಿಕೊಂಡದ್ದು ಅವನಿಗೆ ಬಿರುದಾಗಿತ್ತು.

ಅವತ್ತು ರೈಟರು ಊಟದ ಡಬ್ಬಿ ತೆಗೆಯಲೇ ಇಲ್ಲ. "ನಾಚ್ಕೆ ಇರೋರ್ಗೆ ಮಾಡಿದ್ ಔಷಧಿ ಕಣಮ್ಮ ಇದು" ಎಂದರು. ಹಾಗಾದರೆ ಬೇರೆ ಔಷಧಿ ಯಾವುದು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಾರನೆಯ ದಿನದಿಂದ ಮತ್ತೆ ಅದೇ ಬೆಂಚು, ಅದೇ ಓದು.

ಆ ಹೆಣ್ಣುಮಗಳು ಮೊದಲ ಸಲ ಬಂದದ್ದು ಅದಾದ ಮೇಲೆ. ಗಾರ್ಮೆಂಟ್ಸಿನಲ್ಲಿ ಕೆಲಸ, ವಯಸ್ಸು ಇಪ್ಪತ್ತೇಳೋ ಎಂಟೋ. ಕುತ್ತಿಗೆಯಲ್ಲಿ ಕಂಪನಿಯ ಗುರುತಿನ ಚೀಟಿ ಹಾಗೆಯೇ ನೇತಾಡುತ್ತಿತ್ತು, ಕೆಳತುಟಿ ಊದಿತ್ತು. ಗಂಡ ಗೂಡ್ಸ್ ಆಟೋ ಓಡಿಸುವವನು. ಅವಳು ಯಾರ ಜೊತೆ ಫೋನಿನಲ್ಲಿ ಮಾತಾಡಿದರೂ ಅವನಿಗೆ ಅನುಮಾನ. ರೈಟರು ನನಗೆ ಕಣ್ಣಿನಲ್ಲೇ ಸೂಚಿಸಿದರು, ನಾನು ನೀರು ಕೊಟ್ಟೆ. ಗಂಡನನ್ನು ಫೋನ್ ಮಾಡಿ ಕರೆಸಿದರು. ಒಂದೇ ಬೆಂಚಿನ ಮೇಲೆ ಕೂರಿಸಿದರು. ಆಟೋ ಬಾಡಿಗೆ ಹೇಗಿದೆ, ಮಕ್ಕಳು ಯಾವ ಕ್ಲಾಸು ಎಂದೆಲ್ಲ ಮಾತಾಡಿಸಿದರು. ಅವನು ಬೆವರುತ್ತ ಬರೆದ, ತಡವರಿಸುತ್ತ ಓದಿದ: 'ಇನ್ನು ಮುಂದೆ ನನ್ನ ಹೆಂಡತಿಯನ್ನು ಹೊಡೆಯುವುದಿಲ್ಲ, ಅನುಮಾನಿಸುವುದಿಲ್ಲ, ಚೆನ್ನಾಗಿ ನೋಡಿಕೊಳ್ಳುತ್ತೇನೆ.' ಅರ್ಜಿ ಕೊಡಲು ಬಂದಿದ್ದ ಹತ್ತಾರು ಜನ ನಿಂತು ಕೇಳಿದರು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಎರಡನೆಯ ಸಲ ಬಂದಾಗ ತುಟಿಯ ಜೊತೆ ಕೈಯೂ ಊದಿತ್ತು. ರೈಟರು ಫೋನ್ ಎತ್ತಿಕೊಳ್ಳುವಾಗಲೇ ಅವಳು ಹೇಳಿದಳು, "ಸಾ, ಓದುಸ್ಬ್ಯಾಡಿ ಸಾ. ನೀವ್ ಓದ್ಸುದ್ ದಿನ ಮನೇಲಿ ಜಾಸ್ತಿ ಆಯ್ತದೆ. ಅಷ್ಟ್ ಜನದ್ ಮುಂದೆ ನನ್ ಮಾನ ಕಳುದ್ಯಲ್ಲ ಅಂತ ಒಂದೊಂದ್ ಮಾತ್ಗೂ ಒಂದೊಂದ್ ಏಟ್ ಆಕ್ತಾನೆ."

ಇದಕ್ಕಿಂತ ಸ್ಪಷ್ಟವಾಗಿ ಒಬ್ಬ ಹೆಂಗಸು ಏನು ಹೇಳಲು ಸಾಧ್ಯ? ನಾನು ಕೇಳಿಸಿಕೊಂಡೆ. ರೈಟರೂ ಕೇಳಿಸಿಕೊಂಡರು. "ಮೊದ್ ಮೊದ್ಲು ಅಂಗೇ ಇರ್ತದೆ ಕಣಮ್ಮ. ಮಾನಕ್ಕೆ ತಗುಲ್ತಾ ತಗುಲ್ತಾ ಸರಿ ಹೋಯ್ತಾನೆ" ಎಂದರು. ದಾಯಾದಿಗಳ ಆ ಬೈಕು ಅವರ ಕಣ್ಣಿನಿಂದ ಮರೆಯಾಗಿರಲಿಲ್ಲ. ಊರಿನ ಎದುರು ತಪ್ಪೊಪ್ಪಿಕೊಂಡವನನ್ನು ಊರು ಕಾಯುತ್ತದೆ, ನಿಜ. ಬಾಗಿಲು ಹಾಕಿಕೊಂಡ ಮನೆಯೊಳಗೆ ಊರು ಎಲ್ಲಿರುತ್ತದೆ? ಇದು ಈಗ ಬರೆಯುವಾಗ ಹೊಳೆಯುವ ಮಾತು. ಅವತ್ತು ಹೊಳೆಯಲಿಲ್ಲ, ಹೊಳೆದಿದ್ದರೂ ಹೇಳುವ ಧೈರ್ಯ ನನಗಿರಲಿಲ್ಲ.

ಮೂರನೆಯ ಸಲ ಅವಳು ಅಳಲಿಲ್ಲ. "ಕೇಸ್ ಮಾಡಿ ಸಾ. ಈ ಸಲ ಕೇಸೇ ಮಾಡಿ" ಎಂದು ನಿಂತೇ ಹೇಳಿದಳು. ಸಾಹೇಬರು ಯಾವುದೋ ಬಂದೋಬಸ್ತಿನಲ್ಲಿದ್ದರು. ಫೋನಿನಲ್ಲಿ, "ಬುದ್ಧಿ ಹೇಳಿ ಕಳ್ಸಿ ರೈಟ್ರೇ, ಗಂಡ ಹೆಂಡ್ತಿ ವಿಷ್ಯ, ನಾಳೆ ಅವರೇ ಒಂದಾಗ್ತಾರೆ" ಎಂದರು. ರೈಟರು ಬೇಕೆಂದಿದ್ದರೆ ಪಟ್ಟು ಹಿಡಿಯಬಹುದಿತ್ತು. ಅವರ ಮಾತನ್ನು ಯಾವ ಸಾಹೇಬರೂ ತೆಗೆದುಹಾಕುತ್ತಿರಲಿಲ್ಲ. ಅವರು ಪಟ್ಟು ಹಿಡಿಯಲಿಲ್ಲ. ಗಂಡ ಬಂದ. ಬರೆದ. ಎದ್ದು ನಿಂತ. ಕಾಗದವನ್ನು ಮೇಜಿನ ಮೇಲೆಯೇ ಬಿಟ್ಟು, ಕೈಕಟ್ಟಿ, ಒಂದಕ್ಷರ ತಪ್ಪದೆ ಅಷ್ಟನ್ನೂ ಬಾಯಿಪಾಠ ಒಪ್ಪಿಸಿದ.

ನನಗೆ ಹೆದರಿಕೆಯಾಯಿತು. ರೈಟರಿಗೆ ಖುಷಿಯಾಯಿತು. "ನೋಡಮ್ಮ, ಬಾಯಿಗ್ ಬಂದದೆ. ಇನ್ ಮನಸ್ಗೂ ಇಳೀತದೆ" ಎಂದರು ಅವಳಿಗೆ.

ಗಂಡನಿಗೆ ಎಲ್ಲೋ ಲೋಡು ಇಳಿಸುವುದಿತ್ತು, ಆಟೋ ಹತ್ತಿ ಹೋದ. ಅವಳನ್ನು ಬಸ್ ನಿಲ್ದಾಣದವರೆಗೆ ಬಿಟ್ಟು ಬಾ ಎಂದು ರೈಟರು ನನ್ನನ್ನು ಕಳಿಸಿದರು. ಅವರ ಹಳ್ಳಿಯ ಬಸ್ಸು ಬಂದಾಗ ಹತ್ತದೆ ನಿಂತು, "ಅಕ್ಕ, ನೀವಾದ್ರೂ ಒಂದ್ ಮಾತೇಳಿ. ಓಗ್ಲಾ ನಾನು?" ಎಂದು ಕೇಳಿದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ಹತ್ತಿಸಿದೆ. "ಓಗ್ಬಾರವ್ವ, ಏನಾಗಲ್ಲ. ಸಂಜೆ ಫೋನ್ ಮಾಡು" ಎಂದೆ. ಕಂಡಕ್ಟರ್ ಸೀಟಿ ಊದಿದ. ಸಂಜೆ ಅವಳು ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಅವಳು ಸತ್ತಳು. ಬಚ್ಚಲಲ್ಲಿ ಜಾರಿ ಬಿದ್ದು ತಲೆ ಒಡೆಯಿತು ಎಂದು ಗಂಡ ಹೇಳಿದ. ಅಡುಗೆಮನೆಯಲ್ಲಿ ತೊಳೆದಿಟ್ಟಿದ್ದ ರುಬ್ಬುಗುಂಡನ್ನು ಅವತ್ತೇ ಜಪ್ತಿ ಮಾಡಿದರು. ನಾನು ತರಬೇತಿಗೆಂದು ಮೈಸೂರಿಗೆ ಹೋಗಿದ್ದೆ, ಶವದ ಪಂಚನಾಮೆಗೆ ಪಕ್ಕದ ಠಾಣೆಯ ಮಹಿಳಾ ಪೇದೆ ಬಂದಿದ್ದಳಂತೆ. ಸತ್ತವಳ ತಾಯಿ ಕೊಟ್ಟ ದೂರನ್ನು ಬರೆದವರು ನಮ್ಮ ರೈಟರೇ. ಮಧ್ಯಾಹ್ನ ನನಗೆ ಫೋನ್ ಮಾಡಿ, "ಅಮ್ಮ, ಆ ಹೆಣ್ಮಗಳು..." ಎಂದರು. ಮಾತು ಮುಗಿಸದೆ ಫೋನ್ ಇಟ್ಟರು.

ಕೊಲೆಯ ತನಿಖೆ ಮೇಲಿನ ಅಧಿಕಾರಿಗೆ ಹೋಯಿತು. ಠಾಣೆಯಲ್ಲಿ ಎಲ್ಲರ ಚಿಂತೆ ಆ ಮೂರು ಮುಚ್ಚಳಿಕೆಗಳದ್ದು. ಮೂರು ಸಲ ಬಂದವಳನ್ನು ಮೂರು ಸಲವೂ ಹಿಂದಕ್ಕೆ ಕಳಿಸಿದ್ದಕ್ಕೆ ಅವೇ ಗುರುತು. ಅವುಗಳಿಗೆ ಅರ್ಜಿ ನಂಬರ್ ಹಾಕಿರಲಿಲ್ಲ. "ಎಲ್ಲೂ ನಂಬರ್ ಆಗಿಲ್ಲ. ಇಲ್ಲ ಅಂದ್ರೆ ಇಲ್ಲ ರೈಟ್ರೇ. ನಿಮಗೂ ರಿಟೈರ್‌ಮೆಂಟ್ ಹತ್ರ ಬಂತು" ಎಂದು ಸಾಹೇಬರು ಮೆಲ್ಲಗೆ ಹೇಳಿದರು. ಹೇಳಿದ್ದರಲ್ಲಿ ಬೆದರಿಕೆಯಿರಲಿಲ್ಲ, ಕರುಣೆಯೇ ಇತ್ತು. ಕಾಗದ ಮೂರು, ಹರಿಯಲು ಒಂದು ನಿಮಿಷ.

ರೈಟರು ಹರಿಯಲಿಲ್ಲ. ನಾನು ತರಬೇತಿ ಮುಗಿಸಿ ಬಂದ ದಿನ ಕಡತ ತೆರೆದು ತೋರಿಸಿದರು. "ಅವನು ಹೊಡೀತಿದ್ದ ಅನ್ನೋಕೆ ಬೇರೆ ಗಟ್ಟಿ ಸಾಕ್ಷಿ ಇಲ್ಲ ಕಣಮ್ಮ. ಅಕ್ಕಪಕ್ಕದೋರು ಬಾಯ್ ಬುಡ್ತಿಲ್ಲ. ಜಾರಿ ಬಿದ್ಲು ಅಂತ ಸಾಧಿಸ್ಬುಡ್ತಾನೆ. ಅವನ್ ಕೈಬರಹದಲ್ಲಿ, ಅವನೇ ಒಪ್ಕೊಂಡು ಬರ್ದಿರೋದು ಇದೊಂದೇ." ಆ ಮೂರನ್ನೂ ತಾವೇ ಒಯ್ದು ತನಿಖಾಧಿಕಾರಿಯ ಕೈಗೆ ಕೊಟ್ಟು ಬಂದರು. ಆಮೇಲೆ ಠಾಣೆಯಲ್ಲಿ ಅವರ ಮೇಜಿನ ಬಳಿ ನಿಂತು ಯಾರೂ ಟೀ ಕುಡಿಯಲಿಲ್ಲ. ಬೆಂಚನ್ನು ಅವರೇ ಎಳೆದುಕೊಂಡು ಹೋಗಿ ಹಿಂದಿನ ಶೆಡ್ಡಿನಲ್ಲಿ ಹಾಕಿದರು. ಯಾರಿಂದಲೂ ಮುಚ್ಚಳಿಕೆ ಬರೆಸಲಿಲ್ಲ, ಬಂದದ್ದೆಲ್ಲ ಕೇಸು. ಜನ ಬೈದುಕೊಂಡರು. ರೈಟರಿಗೆ ತಲೆ ಕೆಟ್ಟಿದೆ, ಬದದ ಜಗಳಕ್ಕೂ ಕೋರ್ಟು ತೋರಿಸುತ್ತಾರೆ ಎಂದರು.

ಒಂದು ದಿನ ನನ್ನ ಮುಂದೆ ಕುರ್ಚಿ ಎಳೆದುಕೊಂಡು ಕೂತು, "ಎಲ್ಡನೇ ಸಲ ಅವಳು ಏನೋ ಅಂದ್ಲಲ್ಲಮ್ಮ, ಓದ್ಸುದ್ ದಿನ ಜಾಸ್ತಿ ಆಯ್ತದೆ ಅಂತ. ಅಂದ್ಲಾ, ಇಲ್ಲಾ ನನಗೇ ಅಂಗನ್ಸ್ತಾ ಇದ್ದದಾ?" ಎಂದು ಕೇಳಿದರು. ಇಲ್ಲ ಎಂದು ಹೇಳಬೇಕಿತ್ತೋ ಏನೋ. "ಅಂದ್ಲು ಸಾರ್" ಎಂದೆ. ಅವರು ತಲೆಯಾಡಿಸಿ ಎದ್ದು ಹೋದರು.

ಕೇಸು ವಿಚಾರಣೆಗೆ ಬರುವಷ್ಟರಲ್ಲಿ ನನಗೆ ಬೇರೆ ತಾಲ್ಲೂಕಿಗೆ ವರ್ಗವಾಗಿತ್ತು. ಅವರ ಸಾಕ್ಷಿಯ ದಿನ ರಜೆ ಹಾಕಿ, ಸೀರೆಯುಟ್ಟು ಕೋರ್ಟಿಗೆ ಹೋದೆ. ಅವರಿಗೆ ಧೈರ್ಯ ಹೇಳಲು ಬಂದೆ ಎಂದೆ. ನಿಜ ಹೇಳಬೇಕೆಂದರೆ ಭಯಕ್ಕೆ ಹೋಗಿದ್ದೆ. ನನ್ನ ಹೆಸರು ಎಲ್ಲಾದರೂ ಬರುತ್ತದೆಯೇ ಎಂಬ ಭಯ. ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರಿತ್ತು.

ಆರೋಪಿಯ ವಕೀಲರು ಮೆಟ್ಟಿಲು ಹತ್ತಿಸಿದಂತೆ ಒಂದೊಂದೇ ಪ್ರಶ್ನೆ ಕೇಳಿದರು. ಆ ಕಾಗದಗಳೇ ಸುಳ್ಳು, ಸಾವಿನ ನಂತರ ಹೆದರಿಸಿ ಬರೆಸಿದ್ದು ಎಂಬುದು ಅವರ ವಾದ.

"ಮೂರು ಸಲ ದೂರು ಬಂದಿದ್ದು ನಿಜವಾದರೆ ಒಂದು ಸಲವಾದರೂ ಕೇಸು ದಾಖಲಿಸಬೇಕಿತ್ತಲ್ಲ? ದಾಖಲಿಸಿದಿರಾ?"

"ಇಲ್ಲ ಸ್ವಾಮಿ."

"ಯಾಕೆ?"

ಸಾಹೇಬರ ಹೆಸರು ಹೇಳಬಹುದಿತ್ತು. ಅವರು ಹೇಳಿದ್ದು ಇಷ್ಟು: "ನನ್ ಮಾತು ನಡೀತದೆ ಅನ್ಕೊಂಡಿದ್ದೆ ಸ್ವಾಮಿ. ಭಾಳ ಜನರ ಜಗಳ ಬುಡಿಸಿದ್ದೆ. ಇದನ್ನೂ ಬುಡಿಸ್ತೀನಿ ಅನ್ಕೊಂಡೆ. ಆ ಹೆಣ್ಮಗಳು ಓದುಸ್ಬ್ಯಾಡಿ ಅಂತ ನನಗೇ ಹೇಳಿದ್ಲು. ನಾನ್ ಕೇಳ್ನಿಲ್ಲ."

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಅವರ ಮುಖ ನೋಡಿದರು. ವಕೀಲರು ಬಿಡಲಿಲ್ಲ. "ಆ ಮೂರು ದಿನವೂ ನಿಮ್ಮ ಜೊತೆ ಠಾಣೆಯಲ್ಲಿ ಬೇರೆ ಸಿಬ್ಬಂದಿ ಯಾರಿದ್ದರು? ಇದನ್ನು ಕಂಡವರು ಯಾರಾದರೂ ಇದ್ದಾರೆಯೇ?"

ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಅವರು ನನ್ನ ಕಡೆ ತಿರುಗಲೂ ಇಲ್ಲ.

"ಯಾರೂ ಇರ್ನಿಲ್ಲ ಸ್ವಾಮಿ. ನಾನೊಬ್ನೇ."

ಪ್ರಮಾಣ ಮಾಡಿ ನಿಂತ ಕಟಕಟೆಯಲ್ಲಿ ಅವರು ಹೇಳಿದ ಸುಳ್ಳು ಅದೊಂದೇ, ಅದು ನನಗಾಗಿ. ಕೈಬರಹದ ತಜ್ಞರು ಆ ಬರಹ ಅವನದೇ ಎಂದರು. ಶಾಯಿ, ಕಾಗದದ ಮಡಿಕೆ ಎಲ್ಲವೂ ಅವು ಸಾವಿಗೆ ಮೊದಲೇ ಬರೆದವು ಎಂಬುದಕ್ಕೆ ಹೊಂದಿದವು. ಗಂಡನಿಗೆ ಜೀವಾವಧಿ ಆಯಿತು. ತೀರ್ಪಿನಲ್ಲಿ ನಮ್ಮ ರೈಟರ ಬಗ್ಗೆಯೂ ನಾಲ್ಕು ಸಾಲು ಇತ್ತು, ಕಟುವಾದ ಸಾಲುಗಳು. ಇಲಾಖಾ ವಿಚಾರಣೆ ನಡೆಯುತ್ತಿರುವಾಗಲೇ ಅವರು ನಿವೃತ್ತರಾದರು. ಹಾರವಿಲ್ಲ, ಶಾಲಿಲ್ಲ. ಸಂಜೆ ಐದಕ್ಕೆ ಪೆನ್ನು ಮುಚ್ಚಿ, ಊಟದ ಡಬ್ಬಿ ಹಿಡಿದುಕೊಂಡು ಬಸ್ ಹತ್ತಿದರು ಎಂದು ಅಲ್ಲಿದ್ದವರು ಹೇಳಿದರು. ನನಗೆ ಬಡ್ತಿ ಸಿಕ್ಕಿತು.

ಈಗ ನಾನಿರುವ ಊರಿನಲ್ಲಿ ಹಬ್ಬ ಬಂದರೆ ಶಾಂತಿ ಸಭೆ ನಡೆಸುತ್ತೇವೆ. ಕೊಲೆ, ಹೊಡೆದಾಟ ಕಡಿಮೆಯಾಗಿದೆ, ಊರು ಶಾಂತವಾಗಿದೆ ಎಂದು ಸಾಹೇಬರು ಮೈಕಿನಲ್ಲಿ ಹೇಳುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಬೀದಿ ಶಾಂತವಾಗಿರುವುದು ನಿಜ. ನಾನು ಹಿಂದೆ ನಿಂತು, ಸಭೆಗೆ ಬಾರದ ಹೆಂಗಸರನ್ನು ನೆನೆಯುತ್ತೇನೆ. ತುಟಿ ಊದಿಸಿಕೊಂಡು ಯಾರು ಬಂದರೂ ಅವತ್ತೇ ಕೇಸು ಬರೆಯುತ್ತೇನೆ. ಎಷ್ಟೋ ಹೆಂಗಸರು "ಕೇಸ್ ಬ್ಯಾಡಕ್ಕ, ಎರಡ್ ಮಾತ್ ಬೈದ್ ಕಳ್ಸಿ ಸಾಕು" ಎಂದು ನನ್ನ ಕಾಲು ಹಿಡಿಯುತ್ತಾರೆ, ಬರೆದರೆ ಶಾಪ ಹಾಕುತ್ತಾರೆ. ಹಾಕಲಿ. ಅಷ್ಟು ಮಾಡುವುದರಿಂದ ನಾನು ಒಳ್ಳೆಯವಳಾದೆ ಎಂಬ ಭ್ರಮೆ ನನಗಿಲ್ಲ. ಯಾಕೆಂದರೆ ಆ ದಿನ ಕೋರ್ಟಿನ ಹೊರಗೆ ನಡೆದದ್ದನ್ನು ಇನ್ನೂ ಹೇಳಿಲ್ಲ.

ಸಾಕ್ಷಿ ಮುಗಿಸಿ ಹೊರಗೆ ಬಂದ ರೈಟರು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದರು. ನಾನು ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿದ್ದೆ. ಸತ್ತವಳ ತಾಯಿ ಒಳಗಿನಿಂದ ಬಂದು ನಮ್ಮೆದುರು ನಿಂತರು. ಐವತ್ತು ದಾಟಿದ, ಬಿಸಿಲಿಗೆ ಸುಟ್ಟ ಹೆಂಗಸು. ರೈಟರು ಕೈಮುಗಿದರು. "ತಾಯಿ, ಬೈರಿ ನನ್ನ. ಮೂರ್ ಸಲಾನೂ ನಾನೇ ಕಳಿಸ್ದೆ" ಎಂದರು. ಅಷ್ಟು ಎತ್ತರದ ಮನುಷ್ಯ ಬಾಗಿ ನಿಂತಿದ್ದರು. ಆಕೆ ಬೈಯಲಿ ಎಂದು ನಿಜವಾಗಿಯೂ ಕಾಯುತ್ತಿದ್ದರು.

ಆಕೆ ಬೈಯಲಿಲ್ಲ. "ನೀವ್ ಮೂರ್ ಸಲ ಕಳುಸ್ದೆ ಅಂತ ಒಳಗ್ ಹೇಳುದ್ರಿ ಸ್ವಾಮಿ. ಬರ್ಕೊಂಡ್ರು. ನಾನ್ ಎಷ್ಟ್ ಸಲ ಕಳುಸ್ದೆ ಅಂತ ನನ್ನ ಯಾರೂ ಕೇಳ್ಲೇ ಇಲ್ಲ" ಎಂದರು. "ಬಾಗ್ಲಲ್ ನಿಂತ್ಕೊಂಡು ಅವ್ವ ಅಂದೋಳ್ನ, ಮನೆಗ್ ಹಿಂಗೆ ಬಂದ್ರೆ ಜನ ಏನಂದಾರು ಓಗವ್ವ ಅಂತ ಅನ್ನ ಉಣ್ಣುಸ್ದೇನೇ ಕಳುಸ್ದೆ. ನೀವಾದ್ರೂ ಕೂರ್ಸಿ ನೀರ್ ಕೊಟ್ರಂತೆ."

ರೈಟರು ಕಂಬ ಹಿಡಿದುಕೊಂಡೇ ಕೆಳಗೆ ಕೂತರು. ನಾನು ಬಾಟಲಿಯ ಮುಚ್ಚಳ ತೆಗೆದು ಆಕೆಗೆ ಕೊಟ್ಟೆ. ಆಕೆ ಎರಡು ಗುಟುಕು ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದರು.

"ನೀನ್ ಯಾರವ್ವ? ನನ್ ಮಗಳ್ ಜೊತೆ ಗಾರ್ಮೆಂಟ್ಸ್‌ಗೆ ಓಗ್ತಿದ್ಯಾ? ಅವಳ್ನ ನೋಡಿದ್ಯಾ ನೀನು?"

ಬಸ್ಸು ಹತ್ತಿಸಿದವಳು ನಾನು ಎಂದು ಹೇಳಬೇಕಿತ್ತು. ಹೋಗಲಾ ಎಂದು ನಿಮ್ಮ ಮಗಳು ಕೇಳಿದ್ದು 'ಅಕ್ಕ' ಎಂದು ಕರೆದು ನನ್ನನ್ನೇ ಎಂದು ಹೇಳಬೇಕಿತ್ತು. ರೈಟರು ಕೆಳಗೆ ಕೂತಲ್ಲಿಂದ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದರು.

"ಇಲ್ಲಮ್ಮ" ಎಂದೆ.